ಪಟ್ಟಿಯಲ್ಲಿ ಉಮ್ಮನ ಹೆಸರು

ಮೊದಲೇ ಹೇಳಿಬಿಡುತ್ತೇನೆ, ಈ ಕಥೆಯಲ್ಲಿ ಮರ್ಯಾದೆ ಹೋದದ್ದು ನನ್ನದೇ.

ಉಪ್ಪ ತೀರಿಹೋದ ಮರುವರ್ಷ ನಮ್ಮ ಮನೆಯ ಮಾಡು ಸೋರಲು ಸುರುವಾಯಿತು. ವಿಧವೆಯರ ಮನೆ ರಿಪೇರಿಗೆ ಸರಕಾರದ ಸಹಾಯಧನ ಉಂಟೆಂದು ಕೇಳಿ ಉಮ್ಮನ ಹೆಸರಿನಲ್ಲಿ ಅರ್ಜಿ ಹಾಕಿದೆವು. ಪಟ್ಟಿ ಬಂದಿದೆಯಂತೆ ಎಂಬ ಸುದ್ದಿ ಸಿಕ್ಕಿದ್ದೇ ಉಮ್ಮನನ್ನು ಕರೆದುಕೊಂಡು ಉಪ್ಪಳದಿಂದ ಬಸ್ಸು ಹತ್ತಿ ಕಾಸರಗೋಡಿನ ಒಂದು ಕಚೇರಿಗೆ ಹೋದೆ. ಕೌಂಟರಿನಲ್ಲಿದ್ದವರು ಕೇರಳದ ದಕ್ಷಿಣದ ಯಾವುದೋ ಜಿಲ್ಲೆಯಿಂದ ವರ್ಗವಾಗಿ ಬಂದವರು, ಅವರಿಗೆ ಕನ್ನಡ ಗೊತ್ತಿಲ್ಲ. ನಾನು ಕಲಿತದ್ದು ಕನ್ನಡ ಮಾಧ್ಯಮದಲ್ಲಿ, ಮನೆಯಲ್ಲಿ ಬ್ಯಾರಿ. ಬ್ಯಾರಿ ಬರುವವನಿಗೆ ಮಲಯಾಳ ಎಂತ ದೊಡ್ಡ ವಿಷಯ ಎಂಬ ಧೈರ್ಯದಲ್ಲಿ ಗಟ್ಟಿಯಾಗಿಯೇ ಕೇಳಿದೆ:

“ಸಾರ್, ಪಟ್ಟಿಯಿಲ್ ಉಮ್ಮಾನ್ಡೆ ಪೇರ್ ಉಂಡೋ?”

ಮಲಯಾಳದಲ್ಲಿ ಪಟ್ಟಿ ಅಂದರೆ ನಾಯಿ. ನಮ್ಮ ಕನ್ನಡದ ಪಟ್ಟಿಗೆ ಅವರು ಹೇಳುವುದು ಪಟ್ಟಿಕ. ಒಂದೇ ಒಂದು ‘ಕ’ ಬಿಟ್ಟುಹೋದದ್ದಕ್ಕೆ ನಾನು ಅಷ್ಟು ಜನರ ಮುಂದೆ ನನ್ನ ಹೆತ್ತ ತಾಯಿಯ ಹೆಸರು ನಾಯಿಯ ಒಳಗೆ ಉಂಟಾ ಎಂದು ವಿಚಾರಿಸಿದ್ದೆ. ಆಚೆ ಮೇಜಿನವರು ನಕ್ಕರು. ಸಾಲಿನಲ್ಲಿ ನಿಂತವರೂ ನಕ್ಕರು. ಏನೆಂದು ಗೊತ್ತಾಗದೆ ಉಮ್ಮನೂ ಮರ್ಯಾದೆಗೆ ಸ್ವಲ್ಪ ನಕ್ಕರು. ಕೌಂಟರಿನವರು ಕಾಗದ ನೋಡಿ ಹೆಸರಿಲ್ಲ ಅಂದರು. ನಾನು ತಲೆ ತಗ್ಗಿಸಿ ಹೊರಗೆ ಬಂದೆ.

ಬಸ್ಸು ಮೊಗ್ರಾಲ್ ಸೇತುವೆ ದಾಟುವಾಗ ಉಮ್ಮ ಕೇಳಿದರು, “ಹೆಸರು ಯಾಕೆ ಇಲ್ಲಂತೆ?” ಆಗಲೇ ನನಗೆ ಹೊಳೆದದ್ದು. ನಾನು ಅದನ್ನು ಕೇಳಿಯೇ ಇರಲಿಲ್ಲ.

ನಾಚಿಕೆಯ ನಿಜವಾದ ಬೆಲೆ ಇದು. ಕೆಂಪಾದ ಮುಖ ಸಂಜೆಯೊಳಗೆ ಸರಿಯಾಗುತ್ತದೆ, ಕೇಳದೆ ಬಿಟ್ಟ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

ನಮ್ಮ ಊರಿನಲ್ಲಿ ಮಾತು ಜಾರುವುದು ಹೊಸತಲ್ಲ. ಕನ್ನಡ, ಮಲಯಾಳ, ತುಳು, ಬ್ಯಾರಿ, ಕೊಂಕಣಿ, ಮರಾಠಿ, ಉರ್ದು ಎಲ್ಲವೂ ಒಂದೇ ಬಸ್ಸಿನಲ್ಲಿ ಕೂತು ಹೋಗುವ ಜಿಲ್ಲೆ ಇದು. ನನ್ನ ಇಚ್ಚ ಒಮ್ಮೆ ಕಾಞಂಗಾಡಿನ ಆಚೆಗಿನ ಒಂದು ಚಾದಂಗಡಿಯಲ್ಲಿ, ಗಾಜಿನ ಪೆಟ್ಟಿಗೆಯಲ್ಲಿ ನೀರುಳ್ಳಿ ಬಜ್ಜಿ ಕಂಡು ಅಲ್ಲಿದ್ದ ಹೆಂಗಸಿನ ಹತ್ತಿರ ಬಾಯ್ತುಂಬ “ಪೋಡಿ!” ಅಂದನಂತೆ. ನಮಗೆ ಅದು ತಿನ್ನುವ ಪೋಡಿ. ಆ ಹೆಂಗಸಿಗೆ ಕೇಳಿದ್ದು ‘ಹೋಗೇ’ ಎಂದು. ಅವರು ಸೌಟು ಹಿಡಿದು ಎದ್ದದ್ದನ್ನು ಇಚ್ಚ ಈಗಲೂ ಮದುವೆ ಮನೆಗಳಲ್ಲಿ ಅಭಿನಯ ಮಾಡಿ ತೋರಿಸುತ್ತಾನೆ. ಪ್ರತಿ ಸಲವೂ ಸೌಟು ಒಂದಿಂಚು ಉದ್ದವಾಗುತ್ತದೆ.

ಆಚೆಯಿಂದಲೂ ಜಾರುತ್ತದೆ ಮಾರಾಯ್ರೆ. ನೆರೆಮನೆಗೆ ತೃಶೂರಿನಿಂದ ಬಂದ ಸೊಸೆ ಒಂದು ನೋಂಬು ತುರಕ್ಕೆ ನಮ್ಮಲ್ಲಿದ್ದಳು. ಬಿಸಿ ಪಾತ್ರೆಗೆ ಕೈ ಹಾಕಲು ಹೊರಟ ಮಗುವಿಗೆ ಮಾಮಿ “ಮುಟ್ಟಬೇಡ, ಮುಟ್ಟಬೇಡ” ಎಂದು ಬೊಬ್ಬೆ ಹಾಕಿದರು. ಮಲಯಾಳದಲ್ಲಿ ಮುಟ್ಟ ಅಂದರೆ ಮೊಟ್ಟೆ, ವೇಂಡ ಅಂದರೆ ಬೇಡ. ಪಾಪ, ಆ ಹುಡುಗಿ ಓಡಿಬಂದು ಮಗುವಿನ ಬಟ್ಟಲಿನಿಂದ ಮೊಟ್ಟೆ ತೆಗೆದಳು. ಮಗುವಿಗೆ ಕೈ ಸುಟ್ಟದ್ದೂ ಆಯಿತು, ಮೊಟ್ಟೆ ಹೋದದ್ದೂ ಆಯಿತು.

ಈ ನಗುವಿಗೂ ಕಚೇರಿಯ ನಗುವಿಗೂ ವ್ಯತ್ಯಾಸವಿದೆ ಎಂದು ನನ್ನ ವಾದ. ಇಚ್ಚನ ಕಥೆಯನ್ನು ಹೇಳುವವನು ಇಚ್ಚನೇ. ತೃಶೂರಿನ ಹುಡುಗಿ ತನ್ನ ಮೊಟ್ಟೆ ಕಥೆಯನ್ನು ತಾನೇ ತವರಿಗೆ ಫೋನು ಮಾಡಿ ಹೇಳಿದಳು. ಕೌಂಟರಿನ ಈಚೆ ನಿಂತವನಿಗೆ ಆ ಸ್ವಾತಂತ್ರ್ಯ ಇಲ್ಲ, ಅವನಿಗೆ ಆಚೆಯವರಿಂದ ಕೆಲಸ ಆಗಬೇಕು. 1956ರ ನವೆಂಬರ್ 1ರಂದು ನಮ್ಮ ಕಾಸರಗೋಡು ತಾಲೂಕು ದಕ್ಷಿಣ ಕನ್ನಡದಿಂದ ಕೇರಳಕ್ಕೆ ಹೋಯಿತು. ಕನ್ನಡಿಗರು ಸರಕಾರದೊಂದಿಗೆ ಕನ್ನಡದಲ್ಲೇ ವ್ಯವಹರಿಸಬಹುದೆಂದು 1969ರ ಕೇರಳ ಅಧಿಕೃತ ಭಾಷೆಗಳ ಕಾಯ್ದೆಯಲ್ಲಿಯೇ ಉಂಟು. ಹಾಗಾದರೆ ಅಂದು ಹರಕುಮುರುಕು ಮಲಯಾಳದಲ್ಲಿ ನಾಯಿ ಹುಡುಕುವ ಗತಿ ನನಗೆ ಯಾಕೆ ಬಂತು? ಕನ್ನಡ ಬಾರದ ಅಧ್ಯಾಪಕರನ್ನು ಕನ್ನಡ ಮಾಧ್ಯಮದ ಶಾಲೆಗೆ ಹಾಕಿದಾಗ ಮಕ್ಕಳ ತಂದೆತಾಯಿ ಪ್ರತಿಭಟನೆಗೆ ಕೂತದ್ದನ್ನು ನಾವು ನೋಡಿದ್ದೇವೆ. ಅದನ್ನು ತಮಾಷೆ ಮಾಡಿ ಮರೆಯಿರಿ ಎಂದು ನಾನು ಹೇಳಲಾರೆ.

ಆದರೆ ತಪ್ಪು ನನ್ನ ಕಡೆಯೂ ಇತ್ತು. ಮತ್ತೊಮ್ಮೆ ಹೋಗಿ ಕೇಳಿದರೆ ಆಗುತ್ತಿತ್ತು. ‘ಓ, ಪಟ್ಟಿ ಬಂದ’ ಎಂದಾರು ಎಂಬ ಹೆದರಿಕೆಗೆ ಮೂರು ವಾರ ಕಾಲು ಎಳೆದೆ. ಒಮ್ಮೆ ಜ್ವರ, ಒಮ್ಮೆ ಮಳೆ, ಒಮ್ಮೆ ಬಸ್ಸಿಲ್ಲ. ಈಗಿನ ನಮ್ಮ ಹುಡುಗರಲ್ಲೂ ಇದನ್ನೇ ಕಾಣುತ್ತೇನೆ. ಮಂಗಳೂರಿಗೆ ಹೋದರೆ ಇವರ ಕನ್ನಡ ಮಲಯಾಳದ ಹಾಗೆ, ಕಣ್ಣೂರಿಗೆ ಹೋದರೆ ಇವರ ಮಲಯಾಳ ಕನ್ನಡದ ಹಾಗೆ ಕೇಳುತ್ತದೆಂದು ಜನ ನಗುತ್ತಾರೆ. ಅವರು ಇಂಗ್ಲಿಷಿನಲ್ಲಿ ನಾಲ್ಕು ಶಬ್ದ ಹೇಳಿ ಸುಮ್ಮನಾಗುತ್ತಾರೆ, ಬ್ಯಾರಿಯನ್ನಂತೂ ಫೋನಿನಲ್ಲಿ ತಗ್ಗಿದ ಸ್ವರದಲ್ಲಿ ಮಾತಾಡುತ್ತಾರೆ. ಏಳು ಭಾಷೆಯ ಊರಿನಲ್ಲಿ ಹುಟ್ಟಿ ಏಳರಲ್ಲೂ ಬಾಯಿ ಮುಚ್ಚುವುದೆಂದರೆ ಹೇಗೆ?

ಕೊನೆಗೆ ಉಮ್ಮನೇ ಚಪ್ಪಲಿ ಮೆಟ್ಟಿ ಹೊರಟರು. ಅಂದು ಎಲ್ಲರೂ ಯಾಕೆ ನಕ್ಕರು ಎಂದು ಆ ಹೊತ್ತಿಗೆ ಅವರಿಗೆ ಹೇಳಿದ್ದೆ. ಬೈಯುತ್ತಾರೆ ಅಂದುಕೊಂಡಿದ್ದೆ, ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದರು. ಕಚೇರಿಯಲ್ಲಿ ನಾನು ಕಂಬದ ಮರೆಯಲ್ಲಿ ನಿಂತೆ. ಉಮ್ಮ ನೇರ ಕೌಂಟರಿಗೆ ಹೋಗಿ ತನ್ನ ಬ್ಯಾರಿಯಲ್ಲೇ, ಆ ದಿನ ನಾಯಿಯೊಳಗೆ ಹೆಸರು ಹುಡುಕಿದವನ ತಾಯಿ ನಾನೇ, ಇವತ್ತಾದರೂ ಕಾಗದದಲ್ಲಿ ಹುಡುಕಿಕೊಡು ಮಗನೇ ಅಂದರು. ಅವರು ನಕ್ಕರು, ಕುರ್ಚಿ ಕೊಟ್ಟರು, ಫೈಲು ತೆಗೆಸಿದರು. ಆಧಾರಿನಲ್ಲಿಯೂ ರೇಷನ್ ಕಾರ್ಡಿನಲ್ಲಿಯೂ ಉಮ್ಮನ ಹೆಸರಿನ ಒಂದು ಅಕ್ಷರ ಬೇರೆ ಬೇರೆ ಇತ್ತು. ಅಷ್ಟೇ ಕಾರಣ. ತಿದ್ದಿ ಕೊಡಬಹುದಿತ್ತು. ಆದರೆ ಅದಕ್ಕಿದ್ದ ಗಡುವು ಎರಡು ದಿನದ ಹಿಂದೆ ಮುಗಿದಿತ್ತು.

ಬರುವ ವರ್ಷ ಮತ್ತೆ ಹಾಕಿ ಎಂದು ಅವರೇ ಒಂದು ಚೀಟಿಯಲ್ಲಿ ಬೇಕಾದ ಕಾಗದಗಳನ್ನು ಬರೆದುಕೊಟ್ಟರು. ಬರುವಾಗ ಬಸ್ಸಿನಲ್ಲಿ ಉಮ್ಮ ನನಗೆ ಒಂದು ಮಾತೂ ಅನ್ನಲಿಲ್ಲ. ಶಿರಿಯ ಸೇತುವೆಯವರೆಗೂ ನಾನು ಕಿಟಕಿಯಿಂದ ಹೊರಗೆ ನೋಡುತ್ತಾ ಕೂತೆ.

ಆ ಮಳೆಗಾಲ ಮಾಡು ಸೋರುತ್ತಲೇ ಇತ್ತು. ರಾತ್ರಿ ಅಡುಗೆಕೋಣೆಯಲ್ಲಿ ತಟಪಟ ಸುರುವಾದರೆ ಉಮ್ಮ ಮಲಗಿದಲ್ಲಿಂದಲೇ ಕರೆಯುತ್ತಿದ್ದರು:

“ಏಳು, ನಿನ್ನ ಪಟ್ಟಿ ಒಳಗೆ ಬಂದು ಉಚ್ಚೆ ಹೊಯ್ಯುತ್ತಾ ಉಂಟು. ಬಾಲ್ದಿ ಇಡು.”