ವೀಸಾ ಬರುವವರೆಗೆ ತವರಿನಲ್ಲಿರು



‘ವೀಸಾ ಬರುವವರೆಗೆ ತವರಿನಲ್ಲಿರು’ ಎಂಬ ಮಾತು ನಮ್ಮ ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ಈಗ ಹೊಸದಲ್ಲ. ಒಂದು ಕಾಲಕ್ಕೆ ಫಾರಿನ್ ಗಂಡು ಎಂದರೆ ಬೆಂಗಳೂರಿನ ದೊಡ್ಡ ಮನೆಗಳ ಸಂಗತಿ. ಇಂದು ನಾಲೆ ಬಯಲಿನಲ್ಲಿ ಎರಡು ಮೂರು ಎಕರೆ ಕಬ್ಬು ಬೆಳೆಯುವ ಮನೆಯ ಮಗನೂ ಇಂಜಿನಿಯರಿಂಗ್ ಓದಿ ಜರ್ಮನಿಗೋ, ಐರ್ಲೆಂಡಿಗೋ, ಅಮೆರಿಕಕ್ಕೋ ಹೋಗಿದ್ದಾನೆ. ಸಂತೋಷವೇ. ಆದರೆ ಅವನು ಮೂರು ವಾರದ ರಜೆಯಲ್ಲಿ ಬಂದು, ಹೆಣ್ಣು ನೋಡಿ, ತಾಳಿ ಕಟ್ಟಿ, ವಿಮಾನ ಹತ್ತಿದ ಮೇಲೆ ಇಲ್ಲಿ ಉಳಿಯುವ ಹುಡುಗಿಯ ಬಗ್ಗೆ ನಾವು ಮಾತಾಡುವುದು ಕಡಿಮೆ. ಅವಳು ಮದುವೆಯಾಗದವಳೂ ಅಲ್ಲ, ಸಂಸಾರ ಮಾಡುತ್ತಿರುವವಳೂ ಅಲ್ಲ. ಊರಿನವರ ‘ಯಾವಾಗ ಹೋಗದು?’ ಎಂಬ ಒಂದೇ ಪ್ರಶ್ನೆಗೆ ದಿನಾ ಉತ್ತರ ಹುಡುಕುವವಳು.

ಇದೇ ಜಿಲ್ಲೆಯಲ್ಲಿ ಇನ್ನೊಂದು ದೃಶ್ಯವನ್ನೂ ನಾವು ಕಂಡಿದ್ದೇವೆ. 2023ರ ಫೆಬ್ರವರಿಯಲ್ಲಿ ಮದ್ದೂರು ತಾಲ್ಲೂಕಿನ ಕೆ.ಎಂ. ದೊಡ್ಡಿಯಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಮದುವೆಯಾಗದ ಯುವಕರು ಪಾದಯಾತ್ರೆ ಹೋದರು. ರೈತನ ಮಗನಿಗೆ ಹೆಣ್ಣು ಸಿಗುತ್ತಿಲ್ಲ ಎಂಬುದು ಅವರ ಅಳಲು. ಅದೇ ವರ್ಷದ ಕೊನೆಗೆ ಮಂಡ್ಯದ ಆಲೆಮನೆಯೊಂದರಲ್ಲಿ ಭ್ರೂಣಲಿಂಗ ಪತ್ತೆ ನಡೆಯುತ್ತಿದ್ದುದು ಬಯಲಾಯಿತು. ಹೊಟ್ಟೆಯಲ್ಲೇ ಹೆಣ್ಣನ್ನು ಕೊಂದು, ಉಳಿದ ಹೆಣ್ಣನ್ನು ವಿಮಾನದಲ್ಲಿ ಬರುವವನಿಗೆ ಎತ್ತಿಟ್ಟರೆ ದೇವರು ತಾನೆ ಏನು ಮಾಡಿಯಾನು! ಅದಿರಲಿ, ವಿಷಯಕ್ಕೆ ಬರುತ್ತೇನೆ.

ಸಂಘದ ಸಭೆಗಳಲ್ಲಿ ನನ್ನ ಕಿವಿಗೆ ಬೀಳುತ್ತಿರುವ ಹೊಸ ಪದ ‘ವೀಸಾ ಖರ್ಚು’. ವರದಕ್ಷಿಣೆ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ‘ನಾವು ವರದಕ್ಷಿಣೆ ಕೇಳೋ ಜನ ಅಲ್ಲ ಕಣವ್ವ, ವೀಸಾಕ್ಕೆ ಐದು ಲಕ್ಷ ಆಯ್ತದಂತೆ, ಅದೊಂದ ನೀವು ನೋಡ್ಕಂಡ್ರೆ ಸಾಕು’ ಎಂದು ಬೀಗರು ನಯವಾಗಿ ಹೇಳುತ್ತಾರೆ. ಹುಡುಗಿಯ ಅಪ್ಪ ಚಿನ್ನ ಗಿರವಿ ಇಡುತ್ತಾನೆ, ಅವ್ವ ಸಂಘದಲ್ಲಿ ಸಾಲ ಎತ್ತುತ್ತಾಳೆ. ಆರು ತಿಂಗಳ ಮೇಲೆ ‘ಇನ್ನೂ ಎರಡು ಬೇಕಂತೆ’ ಎಂದು ಫೋನು ಬರುತ್ತದೆ. ವೀಸಾ ಎಂಬುದು ಏನು, ಅದಕ್ಕೆ ಎಷ್ಟಾಗುತ್ತದೆ ಎಂದು ನಮಗೆ ಗೊತ್ತಿಲ್ಲದಿರುವುದೇ ಈ ವ್ಯಾಪಾರದ ಬಂಡವಾಳ.

ಆದ್ದರಿಂದ ಲೆಕ್ಕವನ್ನೇ ನೋಡೋಣ. ಹುಡುಗ ಯುರೋಪ್ ಒಕ್ಕೂಟದ ಒಂದು ದೇಶದ ಪೌರತ್ವ ಪಡೆದಿದ್ದಾನೆ, ಆದರೆ ವಾಸ ಒಕ್ಕೂಟದ ಇನ್ನೊಂದು ದೇಶದಲ್ಲಿ ಎಂದುಕೊಳ್ಳಿ. ಪೋರ್ಚುಗಲ್ ಪಾಸ್‌ಪೋರ್ಟ್ ಇಟ್ಟುಕೊಂಡು ಜರ್ಮನಿಯಲ್ಲಿ ದುಡಿಯುವವನ ಹಾಗೆ. ಅಂಥವನ ಹೆಂಡತಿ ಯಾವ ದೇಶದವಳಾದರೂ ಆಕೆಗೆ ಪ್ರವೇಶ ವೀಸಾವನ್ನು ಆದಷ್ಟು ಬೇಗ, ಶುಲ್ಕವಿಲ್ಲದೆ ಕೊಡಬೇಕೆಂದು ಒಕ್ಕೂಟದ 2004ರ 38ನೇ ನಿರ್ದೇಶನ ಹೇಳುತ್ತದೆ. ಮುಖ್ಯವಾಗಿ ಬೇಕಾದದ್ದು ಅವಳ ಪಾಸ್‌ಪೋರ್ಟ್, ಮದುವೆಯ ಪ್ರಮಾಣಪತ್ರ, ಗಂಡನ ಪೌರತ್ವದ ದಾಖಲೆ, ಅವನು ಆ ದೇಶದಲ್ಲಿ ಇದ್ದಾನೆ ಅಥವಾ ಅಲ್ಲಿಗೆ ಹೋಗುತ್ತಿದ್ದಾನೆ ಎಂಬುದಕ್ಕೆ ಆಧಾರ. ಅಲ್ಲಿಗೆ ಹೋದ ಮೇಲೆ ವಾಸದ ಕಾರ್ಡು ಸಿಗುತ್ತದೆ, ದುಡಿಯುವ ಹಕ್ಕೂ ಇರುತ್ತದೆ. ಅವನು ಪೌರತ್ವ ಇರುವ ದೇಶದಲ್ಲೇ ನೆಲೆಸಿದ್ದರೆ, ಅಥವಾ ಭಾರತದ ಪೌರನಾಗಿಯೇ ಕೆಲಸದ ಪರವಾನಗಿಯ ಮೇಲಿದ್ದರೆ, ಆಯಾ ದೇಶದ ನಿಯಮ. ಕೆಲಸಕ್ಕೆಂದು ಹೋದ ಭಾರತೀಯನ ಹೆಂಡತಿಗೆ ಜರ್ಮನಿಯ ವೀಸಾ ಶುಲ್ಕ 75 ಯೂರೋ, ನಮ್ಮ ಲೆಕ್ಕದಲ್ಲಿ ಏಳೆಂಟು ಸಾವಿರ ರೂಪಾಯಿ. ಹಲವರಿಗೆ ವಿನಾಯಿತಿ ಇದೆ, ಅದಿಲ್ಲದ ಹೆಂಡತಿಯರು ಅಲ್ಲಿನ ಭಾಷೆಯ ಮೊದಲ ಹಂತದ ಪರೀಕ್ಷೆ ಪಾಸು ಮಾಡಬೇಕು. ಬ್ರಿಟನ್ 2020ರಲ್ಲಿ ಒಕ್ಕೂಟ ಬಿಟ್ಟಿದೆ. ಅಲ್ಲಿ ಶುಲ್ಕ ನಿಜಕ್ಕೂ ದೊಡ್ಡದು. ಹೆಂಡತಿಯನ್ನು ಕರೆಸಿಕೊಳ್ಳಲು ಬೇಕಾದ ವರಮಾನವನ್ನು 2024ರ ಏಪ್ರಿಲ್‌ನಲ್ಲಿ ವರ್ಷಕ್ಕೆ 18,600 ಪೌಂಡಿನಿಂದ 29,000ಕ್ಕೆ ಏರಿಸಿದರು. ಆದರೆ ಗಮನಿಸಿ, ಅದು ಅಲ್ಲಿ ದುಡಿಯುವವನು ತೋರಿಸಬೇಕಾದ ವರಮಾನ. ಮಳವಳ್ಳಿಯ ಅಪ್ಪನ ಗದ್ದೆಯ ಪಹಣಿ ಅಲ್ಲ.

ಇನ್ನು ಕಾಯುವ ಮಾತು. ವೀಸಾ ತಡವಾಗುವುದು ಸುಳ್ಳಲ್ಲ. ತಿಂಗಳುಗಟ್ಟಲೆ ಸರದಿ ಸಿಗದೆ ಒದ್ದಾಡುವವರಿದ್ದಾರೆ. ನಿಜವಾದ ತಡ ಯಾವುದು, ನೆಪ ಯಾವುದು ಎಂದು ತಿಳಿಯಲು ಒಂದು ಸುಲಭದ ದಾರಿಯಿದೆ. ಯುರೋಪಿನ ವೀಸಾ ಇರಲಿ, ಬ್ರಿಟನ್, ಅಮೆರಿಕದ್ದಿರಲಿ, ಮೊದಲ ಸಲ ಅರ್ಜಿ ಹಾಕುವವರು ತಾವೇ ಹೋಗಿ ಬೆರಳಚ್ಚು ಕೊಡಬೇಕು. ‘ಅರ್ಜಿ ಹಾಕಿ ವರ್ಷವಾಯಿತು’ ಎಂದು ಗಂಡ ಹೇಳುತ್ತಿದ್ದಾನೆ, ನಿಮ್ಮ ಮಗಳು ಒಂದು ದಿನವೂ ಯಾವ ವೀಸಾ ಕೇಂದ್ರಕ್ಕೂ ಹೋಗಿ ಬೆರಳು ಒತ್ತಿಲ್ಲ ಎಂದರೆ, ಆ ಅರ್ಜಿ ಇನ್ನೂ ಪೂರ್ತಿಯಾಗಿಲ್ಲ, ಅಥವಾ ಇಲ್ಲವೇ ಇಲ್ಲ. ಅರ್ಜಿಯ ಸಂಖ್ಯೆ ಕೇಳಿ, ರಸೀದಿ ಕೇಳಿ. ಅಳಿಯನನ್ನು ಇದನ್ನೆಲ್ಲ ಕೇಳುವುದು ಮರ್ಯಾದೆಯೇ ಎಂದು ಹಿಂಜರಿಯುವವರಿಗೆ ನನ್ನದೊಂದು ಪ್ರಶ್ನೆ: ಐದು ಲಕ್ಷ ಕೇಳುವಾಗ ಅವರು ಹಿಂಜರಿದರೇ?

1989ರಲ್ಲಿ ಮದುವೆಯಾದ ಒಬ್ಬ ಉಪಾಧ್ಯಾಯಿನಿ ಅಮೆರಿಕಕ್ಕೆ ಹಿಂದಿರುಗಿದ ಗಂಡನನ್ನು ಸೇರಲು ವೀಸಾಕ್ಕಾಗಿ ಓಡಾಡಿದಳು, ಕೆಲಸಕ್ಕೂ ರಾಜೀನಾಮೆ ಕೊಟ್ಟಳು. ಕೊನೆಗೆ ಅವಳಿಗೆ ಬಂದದ್ದು, ಮದುವೆಯನ್ನು ರದ್ದು ಮಾಡಿ ಎಂದು ಗಂಡ ಅಲ್ಲಿನ ಕೋರ್ಟಿನಲ್ಲಿ ಹಾಕಿದ ಅರ್ಜಿ. ಆ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇಂಥ ಹೆಣ್ಣುಮಕ್ಕಳ ರಕ್ಷಣೆಗೆ ಕಾನೂನು ಬೇಕೆಂದು 1994ರಲ್ಲೇ ಹೇಳಿತು. 2019ರಲ್ಲಿ ರಾಜ್ಯಸಭೆಯಲ್ಲಿ ಒಂದು ಮಸೂದೆ ಮಂಡಿಸಿದರು: ಅನಿವಾಸಿಗಳ ಮದುವೆಯನ್ನು 30 ದಿನದೊಳಗೆ ನೋಂದಾಯಿಸಬೇಕೆಂದು. ಅದು ಕಾನೂನಾಗಲಿಲ್ಲ. 2024ರ ಫೆಬ್ರವರಿಯಲ್ಲಿ ಕಾನೂನು ಆಯೋಗ ತನ್ನ 287ನೇ ವರದಿಯಲ್ಲಿ ನೋಂದಣಿ ಕಡ್ಡಾಯ ಮಾಡಿ ಎಂದು ಮತ್ತೆ ಶಿಫಾರಸು ಮಾಡಿತು. ಬರೆಯುವುದಕ್ಕೆ ನಮ್ಮ ದೇಶದಲ್ಲಿ ಕಾಗದದ ಕೊರತೆ ಎಂದೂ ಆಗಿಲ್ಲ.

ಕಾನೂನು ಬರುವವರೆಗೆ ನಾವು ಕೈಕಟ್ಟಿ ಕೂರಬೇಕಿಲ್ಲ. ಛತ್ರದ ರಸೀದಿ, ಲಗ್ನಪತ್ರಿಕೆ, ವಿಡಿಯೋ ಎಲ್ಲ ಇದ್ದರೂ ವಿದೇಶದ ಕಚೇರಿಗೆ ಬೇಕಾಗುವುದು ಸಬ್‌ರಿಜಿಸ್ಟ್ರಾರ್ ಕೊಡುವ ಪ್ರಮಾಣಪತ್ರ. ಗಂಡು ವಿಮಾನ ಹತ್ತುವ ಮೊದಲೇ ಅದು ಆಗಲಿ. ಅವನು ಹೋದ ಮೇಲೆ ಸಹಿಗೆ ಯಾರನ್ನು ಹಿಡಿಯುತ್ತೀರಿ? ಅವನ ಪಾಸ್‌ಪೋರ್ಟಿನ ಪ್ರತಿ, ವಾಸದ ವಿಳಾಸ, ಕೆಲಸದ ಪತ್ರ ನಿಮ್ಮ ಮನೆಯ ಪೆಟ್ಟಿಗೆಯಲ್ಲಿರಲಿ. ಮಗಳ ಪಾಸ್‌ಪೋರ್ಟಿಗೆ ಮದುವೆಯ ಪ್ರಮಾಣಪತ್ರವಾಗಲಿ, ಗಂಡನ ಹೆಸರು ಸೇರಿಸುವುದಾಗಲಿ ಬೇಕಿಲ್ಲ. 2016ರ ಡಿಸೆಂಬರಿನಲ್ಲೇ ಆ ನಿಯಮ ತೆಗೆದರು. ಓದುವಾಗಲೇ ಮಾಡಿಸಿಟ್ಟರೆ ಇನ್ನೂ ಒಳ್ಳೆಯದು.

ಅಲ್ಲಿಗೆ ಹೋದವಳ ಕಷ್ಟ ಬೇರೆ. ಭಾಷೆ ಬಾರದ ಊರು, ಬಾಗಿಲು ಹಾಕಿದ ಫ್ಲ್ಯಾಟು, ಪಾಸ್‌ಪೋರ್ಟ್ ಗಂಡನ ಬೀರುವಿನಲ್ಲಿ. ‘ಬಾಯಿಬಿಟ್ಟರೆ ವೀಸಾ ಕ್ಯಾನ್ಸಲ್ ಮಾಡಿಸಿ ಊರಿಗೆ ಅಟ್ಟುತ್ತೇನೆ’ ಎಂಬ ಬೆದರಿಕೆ ಏಟಿಗಿಂತ ಹೆಚ್ಚು ನೋಯಿಸುತ್ತದೆ. ಈ ಬೆದರಿಕೆ ಪೂರ್ತಿ ನಿಜವಲ್ಲ ಎಂದು ಅವಳಿಗೆ ಹೇಳುವವರು ಬೇಕು. ನಾನು ಮೇಲೆ ಹೇಳಿದ ಯುರೋಪಿನ ಕಾನೂನಿನ 13ನೇ ಕಲಮಿನ ಪ್ರಕಾರ, ಸಂಸಾರದಲ್ಲಿ ಹಿಂಸೆ ಅನುಭವಿಸಿದ ಹೆಂಡತಿ ವಿಚ್ಛೇದನವಾದರೂ ಅಲ್ಲಿ ವಾಸದ ಹಕ್ಕು ಉಳಿಸಿಕೊಳ್ಳಬಹುದು. ಬ್ರಿಟನ್ನಿನಲ್ಲಿ ಇಂಥ ರಿಯಾಯಿತಿ 1999ರಲ್ಲಿ ಬಂದದ್ದು ಯಾರ ಔದಾರ್ಯದಿಂದಲೂ ಅಲ್ಲ. ಲಂಡನ್ನಿನ ಸೌತಾಲ್ ಬ್ಲ್ಯಾಕ್ ಸಿಸ್ಟರ್ಸ್‌ನಂಥ, ನಮ್ಮಂಥದೇ ಮಹಿಳಾ ಸಂಘಟನೆಗಳು ವರ್ಷಗಟ್ಟಲೆ ಹೋರಾಡಿದ್ದರಿಂದ. ಪಾಸ್‌ಪೋರ್ಟ್ ಗಂಡನದಲ್ಲ, ಅತ್ತೆಯದಲ್ಲ; ನಮ್ಮ ಕಾನೂನಿನಂತೆ ಅದು ಭಾರತ ಸರ್ಕಾರದ ಸ್ವತ್ತು. ಕಿತ್ತಿಟ್ಟುಕೊಂಡರೆ ಭಾರತದ ರಾಯಭಾರ ಕಚೇರಿಗೆ ಹೇಳಬಹುದು. ಜೀವಕ್ಕೆ ಅಪಾಯ ಬಂದರೆ ಯುರೋಪ್ ಒಕ್ಕೂಟದ ಎಲ್ಲ ದೇಶಗಳಲ್ಲೂ 112ಕ್ಕೆ ಫೋನು ಮಾಡಬೇಕು. ನಮ್ಮ ಪೊಲೀಸಿನದೂ ಅದೇ ಸಂಖ್ಯೆ, ಮರೆಯುವಂತಿಲ್ಲ.

ಅಲ್ಲಿನ ಕೋರ್ಟಿನಿಂದ ವಿಚ್ಛೇದನದ ಕಾಗದ ಬಂದ ಕೂಡಲೇ ಎಲ್ಲ ಮುಗಿಯಿತೆಂದು ಅಳುತ್ತಾ ಕೂರುವವರಿದ್ದಾರೆ. ಹೆಂಡತಿ ಒಪ್ಪಿ ಹಾಜರಾಗದೆ, ನಮ್ಮ ವಿವಾಹ ಕಾನೂನಿನಲ್ಲಿಲ್ಲದ ಕಾರಣಕ್ಕೆ ಕೊಟ್ಟ ವಿದೇಶಿ ವಿಚ್ಛೇದನ ಇಲ್ಲಿ ಮಾನ್ಯವಲ್ಲ ಎಂದು ಸುಪ್ರೀಂ ಕೋರ್ಟು 1991ರಲ್ಲಿ ವೈ. ನರಸಿಂಹರಾವ್ ಪ್ರಕರಣದಲ್ಲಿ ಹೇಳಿದೆ. ಕಿರುಕುಳ ನಡೆದದ್ದು ಗಂಡನ ಮನೆಯಲ್ಲಾದರೂ, ಅವಳು ಆಶ್ರಯ ಪಡೆದ ತವರೂರಿನ ಠಾಣೆಯಲ್ಲೇ ದೂರು ಕೊಡಬಹುದು ಎಂದು 2019ರ ತೀರ್ಪು ಇದೆ. ‘ಅದು ನಮ್ಮ ವ್ಯಾಪ್ತಿಗೆ ಬರಲ್ಲ’ ಎಂದು ಠಾಣೆಯಲ್ಲಿ ಹೇಳಿದರೆ ಸಂಘದ ಹತ್ತು ಜನ ಜೊತೆಗೆ ಹೋಗಿ ನಿಲ್ಲಬೇಕು. ವರದಕ್ಷಿಣೆ ಎಂದರೆ ಮದುವೆಯ ದಿನ ಕೊಟ್ಟದ್ದು ಮಾತ್ರವಲ್ಲ. ಮದುವೆಯ ಸಂಬಂಧವಾಗಿ ಆಮೇಲೆ ಕೊಟ್ಟದ್ದೂ ಸೇರುತ್ತದೆ ಎಂದು 1961ರ ಕಾಯ್ದೆಯಲ್ಲೇ ಇದೆ. ಮನೆ ಕಟ್ಟಲು ಕೇಳಿದ ಹಣವೂ ವರದಕ್ಷಿಣೆಯೇ ಎಂದು 2022ರಲ್ಲಿ ಸುಪ್ರೀಂ ಕೋರ್ಟು ಹೇಳಿರುವಾಗ ವೀಸಾದ ಹೆಸರಿನ ಹಣ ಬೇರೆ ಹೇಗಾದೀತು?

ಸಂಘದ ಸಾಲದ ಪುಸ್ತಕದಲ್ಲಿ ‘ಮಗಳ ವೀಸಾ’ ಎಂಬ ಕಾರಣ ಕಂಡರೆ ದಯವಿಟ್ಟು ಸುಮ್ಮನೆ ಸಹಿ ಹಾಕಬೇಡಿ. ಯಾವ ದೇಶ, ಶುಲ್ಕ ಎಷ್ಟು, ಅರ್ಜಿಯ ರಸೀದಿ ಎಲ್ಲಿ ಎಂದು ಕೇಳಿ. ಹಣವನ್ನು ಬೀಗರ ಕೈಗೆ ಕೊಡದೆ ಹುಡುಗಿಯೇ ವೀಸಾ ಕೇಂದ್ರದಲ್ಲಿ ಕಟ್ಟಲಿ. ಆಗಲೇ ಮೋಸವಾಗಿದ್ದರೆ ಮಂಡ್ಯ, ಮದ್ದೂರು, ಮಳವಳ್ಳಿ ಮೂರೂ ಕಡೆ ಕೋರ್ಟಿನ ಆವರಣದಲ್ಲಿ ಕಾನೂನು ಸೇವೆಯವರಿದ್ದಾರೆ. ಹೆಣ್ಣುಮಕ್ಕಳಿಗೆ ವರಮಾನ ಎಷ್ಟೇ ಇರಲಿ, ವಕೀಲರ ಫೀಜು ಇಲ್ಲ. ಬಸ್ಸಿಗೆ ದುಡ್ಡಿಲ್ಲದವರು 15100ಕ್ಕೆ ಫೋನು ಮಾಡಿ, ಇಲ್ಲವೇ ಮಹಿಳಾ ಸಹಾಯವಾಣಿ 181ಕ್ಕೆ.