ಘಾಟಿಯಲ್ಲಿ ಇಳಿದು ಸೈಕಲ್ ತಳ್ಳುವುದು ಅವಮಾನವಲ್ಲ



ಕಳೆದ ಚಳಿಗಾಲದ ಒಂದು ಭಾನುವಾರ ಸಂಜೆ 44 ವರ್ಷದ ಒಬ್ಬರು ನನ್ನ ಬಳಿ ಬಂದರು. ಊರು ವಿಜಯಪುರದ ಕಡೆ, ಕೆಲಸ ಇಲ್ಲೇ ಪುಣೆಯ ಹಿಂಜವಡಿಯಲ್ಲಿ. "ಡಾಕ್ಟ್ರೇ, ಮುಂಜಾನೆ ಸೈಕಲ್ ಮ್ಯಾಲೆ ಸಿಂಹಗಡಕ್ಕ ಹೋಗಿದ್ವಿ. ಅರ್ಧ ಘಾಟಿಗೆ ಎದಿ ಹಿಡಿದಂಗಾತು. ಗ್ಯಾಸ್ ಇರಬೇಕು ಅಂತ ಬಿಟ್ಟೆರಿ" ಅಂದರು. ಜೊತೆಗಿದ್ದವರು "ಥಾಂಬೂ ನಕಾ", ಅಂದರೆ ನಿಲ್ಲಬೇಡಿ, ಇನ್ನೆರಡೇ ತಿರುವು ಎಂದು ಹುರಿದುಂಬಿಸಿದ್ದರು. ಇವರು ನಿಲ್ಲಲಿಲ್ಲ. ಮೇಲೆ ಹೋಗಿ ಎಲ್ಲರ ಜೊತೆ ಫೋಟೋ ತೆಗೆಸಿಕೊಂಡು, ಪಿಠ್ಲಾ ಭಾಕ್ರಿ ತಿಂದು, ಮಜ್ಜಿಗೆ ಕುಡಿದು, ಸೈಕಲ್ ಮೇಲೇ ಮನೆಗೆ ಬಂದು ಮಲಗಿದ್ದರು.

ಇಸಿಜಿ ತೆಗೆದಾಗ ಹೃದಯಾಘಾತವಾಗಿ ಆಗಲೇ ಎಂಟೊಂಬತ್ತು ಗಂಟೆ ಕಳೆದಿತ್ತು. ಅದೇ ರಾತ್ರಿ ಸ್ಟೆಂಟ್ ಹಾಕಿದೆವು. ಜೀವ ಉಳಿಯಿತು. ಆದರೆ ಅಷ್ಟು ಹೊತ್ತು ರಕ್ತ ಸಿಗದೆ ಸತ್ತ ಹೃದಯದ ಸ್ನಾಯು ಮರಳಿ ಬರಲಿಲ್ಲ. ಇಂದು ಅವರು ಎರಡನೇ ಮಹಡಿ ಹತ್ತಿದರೆ ಏದುಸಿರು ಬಿಡುತ್ತಾರೆ.

ಬಿಡುಗಡೆಯ ದಿನ ಅವರ ಪತ್ನಿ ಕೇಳಿದರು: "ಸರ್, ಆ ಸೈಕಲ್ ಮಾರಿಬಿಡ್ಲೇನ್ರಿ?" ಅವರಿಗೆ ನಾನು ಕೊಟ್ಟ ಉತ್ತರವೇ ಈ ಲೇಖನ. ಸೈಕಲ್ ಏನೂ ತಪ್ಪು ಮಾಡಿಲ್ಲ. ನಿಲ್ಲಬೇಕಾದ ಕಡೆ ನಿಲ್ಲದಿದ್ದದ್ದು ತಪ್ಪು. ನಿಲ್ಲುವುದನ್ನು ಸೋಲು ಎಂದು ಕಲಿಸಿದ ನಮ್ಮ ಗುಂಪುಗಳದ್ದೂ ತಪ್ಪು.

*ನದಿಯ ಜೊತೆ, ಆಮೇಲೆ ಘಾಟಿ*

ಪುಣೆಗೆ ಒಂದು ಕಾಲದಲ್ಲಿ ಸೈಕಲ್‌ಗಳ ಊರು ಎಂಬ ಹೆಸರಿತ್ತು. ಈಗ ಕೆಲಸಕ್ಕೆ ಸೈಕಲ್ ತುಳಿಯುವವರು ಕಡಿಮೆಯಾಗಿ, ಭಾನುವಾರ ಬೆಟ್ಟ ಹತ್ತುವವರು ಹೆಚ್ಚಾಗಿದ್ದಾರೆ. ಇದಕ್ಕೆ ಈ ನೆಲವೂ ಕಾರಣ. ಪಶ್ಚಿಮಕ್ಕೆ ಮುಳಾ, ಮುಠಾ, ಮೋಸೆ, ಅಂಬಿ ನದಿಗಳ ಕಣಿವೆಗಳು. ಒಂದು ಕಣಿವೆಗೂ ಇನ್ನೊಂದಕ್ಕೂ ನಡುವೆ ಬೆಟ್ಟದ ಸಾಲು. ನದಿಯ ಜೊತೆಗೇ ಹೋಗುವ ದಾರಿಯಲ್ಲಿ ಏರಿಳಿತ ಚಿಕ್ಕದು. ಖಡಕ್‌ವಾಸ್ಲಾ ಹಿನ್ನೀರಿನ ಪಕ್ಕದಲ್ಲಿ ಪಾನಶೇತ್ ಕಡೆಗೆ ಹೋಗುವ ರಸ್ತೆ ಅಂಥದ್ದು. ಬೆಟ್ಟದ ಸಾಲು ದಾಟಿ ಇನ್ನೊಂದು ಕಣಿವೆಗೆ ಇಳಿಯಬೇಕಾದರೆ ಮಾತ್ರ ಘಾಟಿ ಬರುತ್ತದೆ: ಸಾಸ್ವಡ್ ಕಡೆಗೆ ದಿವೆ ಘಾಟ್, ಬೋಪ್‌ದೇವ್ ಘಾಟ್, ಸಾತಾರಾ ಕಡೆಗೆ ಕಾತ್ರಜ್, ಕೊಂಕಣಕ್ಕೆ ತಾಮ್ಹಿಣಿ.

ಈ ನದಿಗಳ ನೀರು ಭೀಮೆ ಸೇರಿ ನಮ್ಮ ವಿಜಯಪುರ, ಕಲಬುರಗಿ, ಯಾದಗಿರಿಗೇ ಬರುತ್ತದೆ. ಹಾಗಾಗಿ ಇಲ್ಲಿನ ಕನ್ನಡಿಗರಿಗೆ ಈ ದಾರಿಗಳ ಮೇಲೆ ವಿಶೇಷ ಪ್ರೀತಿ. ನನಗೂ ಅಷ್ಟೇ.

ನನ್ನ ಸಲಹೆ ಸರಳ. ಮೊದಲ ಮೂರು ತಿಂಗಳು ನದಿಯ ಜೊತೆ ಹೋಗಿ. ಬೆಟ್ಟ ದಾಟುವುದು ಆಮೇಲೆ. ಪುಣೆ ಇರುವುದು ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿ, ಸಿಂಹಗಡ ಸುಮಾರು 1300 ಮೀಟರ್‌ನಲ್ಲಿ. ಕೊನೆಯ ಎಂಟೊಂಬತ್ತು ಕಿಲೋಮೀಟರ್ ಘಾಟಿಯಲ್ಲೇ ಸುಮಾರು 600 ಮೀಟರ್ ಏರಬೇಕು. ಅಂದರೆ ಹತ್ತಿರಹತ್ತಿರ 200 ಮಹಡಿ. ಆರು ದಿನ ಕುರ್ಚಿಯಲ್ಲಿ ಕುಳಿತ ಹೃದಯಕ್ಕೆ ಏಳನೇ ದಿನ ಇಷ್ಟು ಕೆಲಸ ಒಮ್ಮೆಗೇ ಕೊಡುವುದು ನ್ಯಾಯವೇ?

*ಭಾನುವಾರದ ಲೆಕ್ಕ*

1993ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನವನ್ನು ನಾವು ಹೃದ್ರೋಗ ತಜ್ಞರು ಇಂದಿಗೂ ನೆನೆಯುತ್ತೇವೆ. ಭಾರೀ ಶ್ರಮದ ನಂತರದ ಒಂದು ಗಂಟೆಯಲ್ಲಿ ಹೃದಯಾಘಾತದ ಅಪಾಯ ಎಷ್ಟು ಪಟ್ಟು ಏರುತ್ತದೆ ಎಂದು ಅದರಲ್ಲಿ ನೋಡಿದ್ದರು. ವಾರಕ್ಕೆ ಒಮ್ಮೆಯೂ ಇಂಥ ವ್ಯಾಯಾಮ ಮಾಡದವರಲ್ಲಿ 107 ಪಟ್ಟು. ವಾರಕ್ಕೆ ಒಂದೆರಡು ಸಲ ಮಾಡುವವರಲ್ಲಿ ಸುಮಾರು 19 ಪಟ್ಟು. ವಾರಕ್ಕೆ ಐದು ಅಥವಾ ಹೆಚ್ಚು ಸಲ ಮಾಡುವವರಲ್ಲಿ ಕೇವಲ 2.4 ಪಟ್ಟು.

ಗಾಬರಿಯಾಗಬೇಡಿ. ಒಂದು ಗಂಟೆಯ ಮೂಲ ಅಪಾಯವೇ ಬಹಳ ಚಿಕ್ಕದು. ಚಿಕ್ಕದನ್ನು ಗುಣಿಸಿದರೂ ಚಿಕ್ಕದೇ. ಆದರೆ ಪಾಠ ಸ್ಪಷ್ಟ. ಬೆಟ್ಟ ಅದೇ, ಸೈಕಲ್ ಅದೇ. ಅಪಾಯವನ್ನು ಇಳಿಸುವುದು ಸೋಮವಾರದಿಂದ ಶನಿವಾರದವರೆಗಿನ ಅಭ್ಯಾಸ.

ನಮ್ಮವರು ಇದನ್ನು ಇನ್ನೂ ಹೆಚ್ಚು ಗಮನಿಸಬೇಕು. 52 ದೇಶಗಳ ಇಂಟರ್‌ಹಾರ್ಟ್ ಅಧ್ಯಯನದಲ್ಲಿ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಸರಾಸರಿ 53ನೇ ವಯಸ್ಸಿಗೆ ಆಗಿತ್ತು; ಉಳಿದ ದೇಶಗಳವರಿಗೆ ಸುಮಾರು 59ಕ್ಕೆ. 2021ರ ಅಕ್ಟೋಬರ್‌ನಲ್ಲಿ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೆ ತೀರಿಕೊಂಡಾಗ ಇಡೀ ಕರ್ನಾಟಕ ಬೆಚ್ಚಿತು. ಎಷ್ಟೋ ಜನ ಹೆದರಿ ವ್ಯಾಯಾಮವನ್ನೇ ಬಿಟ್ಟರು. ಅದು ತಪ್ಪು ಪಾಠ. ವ್ಯಾಯಾಮ ಬಿಟ್ಟವರ ಹೃದಯವೇ ಮುಂದೆ ಹೆಚ್ಚು ಕಷ್ಟಕ್ಕೆ ಸಿಲುಕುವುದು.

*"ಟಿಎಂಟಿ ನಾರ್ಮಲ್ ಬಂದಿದೆ ಸರ್"*

ಈ ಮಾತು ವಾರಕ್ಕೆ ಹತ್ತು ಸಲ ಕೇಳುತ್ತೇನೆ. ಟ್ರೆಡ್‌ಮಿಲ್ ಪರೀಕ್ಷೆ ಹತ್ತು ನಿಮಿಷದ್ದು, ಘಾಟಿ ಒಂದು ಗಂಟೆಯದ್ದು. ಆ ಪರೀಕ್ಷೆ ದೊಡ್ಡ ಅಡಚಣೆಯನ್ನು ಹಿಡಿಯಬಲ್ಲದು. ರಕ್ತನಾಳದ ಗೋಡೆಯಲ್ಲಿರುವ ಸಣ್ಣ ಕೊಬ್ಬಿನ ಗಡ್ಡೆ ಒಡೆದು, ಅಲ್ಲಿ ರಕ್ತ ಹೆಪ್ಪುಗಟ್ಟಿ ಆಗುವ ಆಘಾತವನ್ನು ಅದು ಮೊದಲೇ ಹೇಳಲಾರದು. ನಲವತ್ತು ದಾಟಿದವರು, ಬಿಪಿ, ಸಕ್ಕರೆ ಕಾಯಿಲೆ, ಧೂಮಪಾನ ಅಥವಾ ಮನೆಯಲ್ಲಿ ಹೃದ್ರೋಗದ ಇತಿಹಾಸ ಇರುವವರು ಖಂಡಿತ ಪರೀಕ್ಷೆ ಮಾಡಿಸಿ. ಆದರೆ ರಿಪೋರ್ಟ್ ಕಾಗದ ಜೇಬಿನಲ್ಲಿದೆ ಎಂದು ಎದೆನೋವನ್ನು ಅಲಕ್ಷಿಸಬೇಡಿ.

*ನಾನು ಪಾಲಿಸುವ ನಿಯಮಗಳು*

1. ವಾರದಲ್ಲಿ ನಾಲ್ಕು ದಿನ 40 ನಿಮಿಷ ಸಮತಟ್ಟು ರಸ್ತೆಯಲ್ಲಿ ಸೈಕಲ್. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ವಾರಕ್ಕೆ ಕನಿಷ್ಠ 150 ನಿಮಿಷ ಇಲ್ಲೇ ಮುಗಿಯುತ್ತದೆ. ಘಾಟಿ ಹಬ್ಬದೂಟ ಇದ್ದಂತೆ. ದಿನದ ಊಟ ಬೇರೆ.

2. ಹತ್ತುವಾಗ ಪಕ್ಕದವರೊಡನೆ ಒಂದು ಪೂರ್ತಿ ವಾಕ್ಯ ಮಾತಾಡಲು ಆಗಬೇಕು. ಆಗದಿದ್ದರೆ ಗೇರ್ ಇಳಿಸಿ. ಅದೂ ಸಾಲದಿದ್ದರೆ ಇಳಿದು ತಳ್ಳಿ. ಬಿಪಿಗೆ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರು ಕೈಗಡಿಯಾರ ತೋರಿಸುವ ಹೃದಯಬಡಿತ ನಂಬಬೇಡಿ. ಮಾತ್ರೆ ಅದನ್ನು ತಗ್ಗಿಸಿರುತ್ತದೆ.

3. ಬರೀ ಚಹಾ ಕುಡಿದು ಹೊರಡಬೇಡಿ. ಬಾಳೆಹಣ್ಣು, ನೀರು ಇರಲಿ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ದೂರದ ಸವಾರಿಗೆ ಮುನ್ನ ನಿಮ್ಮ ವೈದ್ಯರನ್ನು ಕೇಳಿ, ಜೇಬಿನಲ್ಲಿ ಗ್ಲೂಕೋಸ್ ಇಟ್ಟುಕೊಳ್ಳಿ.

4. ಮೇಲೆ ತಲುಪಿದ ತಕ್ಷಣ ಗಕ್ಕನೆ ನಿಲ್ಲಬೇಡಿ. ರಕ್ತ ಕಾಲಲ್ಲೇ ಉಳಿದು ತಲೆ ತಿರುಗಬಹುದು. ಐದು ನಿಮಿಷ ಹಗುರವಾಗಿ ತುಳಿಯಿರಿ ಅಥವಾ ಅಡ್ಡಾಡಿ.

5. ಜ್ವರ ಬಂದು ಹೋದ ವಾರ ಘಾಟಿ ಬೇಡ. ಕೆಲವು ವೈರಸ್‌ಗಳು ಹೃದಯದ ಸ್ನಾಯುವಿಗೂ ಉರಿಯೂತ ತರುತ್ತವೆ.

*ಆ ಕ್ಷಣದಲ್ಲಿ*

ಎದೆಯಲ್ಲಿ ಭಾರ, ಬಿಗಿತ, ಉರಿ, ದವಡೆ, ಭುಜ, ಎಡಗೈಗೆ ಹರಡುವ ನೋವು, ತಣ್ಣನೆಯ ಬೆವರು, ಎಂದೂ ಇಲ್ಲದ ಸುಸ್ತು. ಇವುಗಳಲ್ಲಿ ಯಾವುದೇ ಬಂದರೂ ಅಲ್ಲೇ ಕೂತುಬಿಡಿ. ಗ್ಯಾಸ್ ಎಂದು ತೀರ್ಮಾನ ಮಾಡಬೇಡಿ; ಆ ತೀರ್ಮಾನ ಇಸಿಜಿ ಮಾಡಲಿ. ಸೈಕಲ್ ತುಳಿದು ಇಳಿಯಬೇಡಿ. 108ಕ್ಕೆ ಕರೆ ಮಾಡಿ. ಘಾಟಿಯಲ್ಲಿ ಆಂಬುಲೆನ್ಸ್ ತಡವಾದರೆ ಹಾದುಹೋಗುವ ಯಾವ ವಾಹನವನ್ನಾದರೂ ನಿಲ್ಲಿಸಿ.

ಯಾರಾದರೂ ಕುಸಿದು ಬಿದ್ದು, ಪ್ರತಿಕ್ರಿಯೆ ಇಲ್ಲದೆ, ಉಸಿರಾಟ ಸರಿಯಿಲ್ಲದಿದ್ದರೆ ಎದೆಯ ನಡುವೆ ಎರಡೂ ಕೈ ಇಟ್ಟು ನಿಮಿಷಕ್ಕೆ 100ರಿಂದ 120 ಸಲ, 5ರಿಂದ 6 ಸೆಂ.ಮೀ. ಆಳಕ್ಕೆ ಒತ್ತಿ. ಸಹಾಯ ಬರುವವರೆಗೆ ನಿಲ್ಲಿಸಬೇಡಿ. ಪಂಕ್ಚರ್ ಹಾಕಲು ಬರುವವರು ಪ್ರತಿ ಗುಂಪಿನಲ್ಲೂ ಇದ್ದಾರೆ. ಇದು ಬರುವವರು ಎಷ್ಟು ಜನ?

*ಕೊನೆಯದಾಗಿ*

ಬೋಪ್‌ದೇವ್ ಘಾಟಿಯಲ್ಲಿ ಒಂದು ಕಡಿದಾದ ತಿರುವಿದೆ. ಅಲ್ಲಿ ನಾನು ಇಂದಿಗೂ ಇಳಿದು ತಳ್ಳುತ್ತೇನೆ. ಮೊದಲು ನಾಚಿಕೆಯಾಗುತ್ತಿತ್ತು, ಒಮ್ಮೆ ಹಟಕ್ಕೆ ಬಿದ್ದು ತುಳಿದು, ಕಣ್ಣು ಕತ್ತಲೆ ಬಂದು ಕೂತದ್ದೂ ಉಂಟು. ಹೃದ್ರೋಗ ತಜ್ಞನಿಗೇ ಇಷ್ಟು ಹಮ್ಮು ಇದ್ದರೆ ಉಳಿದವರ ಪಾಡೇನು ಎಂದು ಆಮೇಲೆ ನಕ್ಕೆ.

ಆ ವಿಜಯಪುರದ ಗೆಳೆಯರು ಸೈಕಲ್ ಮಾರಲಿಲ್ಲ. ಆರು ತಿಂಗಳ ಪುನಶ್ಚೇತನ ಚಿಕಿತ್ಸೆಯ ನಂತರ, ನಮ್ಮ ಒಪ್ಪಿಗೆ ಪಡೆದು, ಈಗ ಮುಂಜಾನೆ ನಿಧಾನವಾಗಿ ಸಮತಟ್ಟು ರಸ್ತೆಯಲ್ಲಿ ಅರ್ಧ ಗಂಟೆ ತುಳಿಯುತ್ತಾರೆ, ಪತ್ನಿ ಇನ್ನೊಂದು ಸೈಕಲ್ ಮೇಲೆ ಜೊತೆಗಿರುತ್ತಾರೆ. ಬೆಟ್ಟ ಅವರ ಪಾಲಿಗೆ ಇನ್ನಿಲ್ಲ. ಅಂದು ಎರಡು ತಿರುವು ಮೊದಲೇ ನಿಂತಿದ್ದರೆ, ಬಹುಶಃ ಇರುತ್ತಿತ್ತು.

ನಂದಿಬೆಟ್ಟವಿರಲಿ, ಚಾಮುಂಡಿಬೆಟ್ಟವಿರಲಿ, ಸಿಂಹಗಡವಿರಲಿ, ನಿಮ್ಮ ಗುಂಪಿನಲ್ಲಿ ಯಾರಾದರೂ ನಡುವೆ ಇಳಿದರೆ "ನಿಲ್ಲಬೇಡಿ" ಅನ್ನಬೇಡಿ. ನೀವೂ ಇಳಿದು ಅವರ ಜೊತೆ ನಿಲ್ಲಿ. ಬೆಟ್ಟ ಮುಂದಿನ ಭಾನುವಾರವೂ ಅಲ್ಲೇ ಇರುತ್ತದೆ.

ಸೈಕಲ್ ತುಳಿಯುವ ನಿಮ್ಮ ಅಣ್ಣತಮ್ಮಂದಿರಿಗೆ, ಗೆಳೆಯರಿಗೆ ಇದನ್ನು ಕಳಿಸಿ.

– ಪುಣೆಯ ಒಬ್ಬ ಕನ್ನಡಿಗ ಹೃದ್ರೋಗ ತಜ್ಞ, ಎಂ.ಡಿ.