ಮೊಬೈಲ್‌ನಲ್ಲಿ ಚೆಂದ ಕಾಣುವ ಕನ್ನಡ ಮೀಟರ್ ಪರದೆಯಲ್ಲಿ ಒಡೆಯುವುದೇಕೆ?

ಯಂತ್ರಗಳ ಪರದೆಯಲ್ಲಿ ಕನ್ನಡ ಇಲ್ಲದಿರುವ ಬಗ್ಗೆ ಮಾತು ಬಂದಾಗಲೆಲ್ಲ ಎರಡು ವಾದಗಳು ಕೇಳಿಬರುತ್ತವೆ. ಒಂದು: ‘ಕನ್ನಡ ಕಷ್ಟದ ಲಿಪಿ, ಒತ್ತಕ್ಷರ ಜಾಸ್ತಿ, ಯಂತ್ರಕ್ಕೆ ಒಗ್ಗುವುದಿಲ್ಲ.’ ಇನ್ನೊಂದು: ‘ಪರದೆ ಅಂದರೆ ಪರದೆ. ಮೊಬೈಲ್‌ನಲ್ಲಿ ಕನ್ನಡ ಬಂದಮೇಲೆ ಕಾರಿನ ಮೀಟರ್‌ನಲ್ಲೂ ಬರಬೇಕು, ಒಂದು ಆ್ಯಪ್ ಹಾಕಿದರೆ ಮುಗಿಯಿತು.’ ಕೇಳಲು ಎರಡೂ ಸರಿ ಎನಿಸುತ್ತವೆ. ಆದರೆ ಎರಡೂ ಸರಿಯಲ್ಲ. ಕಾರಣ ತಿಳಿಯಬೇಕಾದರೆ ಪರದೆಯ ಹಿಂದೆ ಏನಿದೆ ಎಂದು ನೋಡಬೇಕು.

ಎಲ್ಲ ಪರದೆಯೂ ಮೊಬೈಲ್ ಅಲ್ಲ

ಬೆಂಗಳೂರು–ಮೈಸೂರು ಹಳೆಯ ರಸ್ತೆಯಲ್ಲಿ ರಾಮನಗರ ದಾಟಿ ಚನ್ನಪಟ್ಟಣದ ಕಡೆ ಹೊರಟರೆ ಕೆಂಗಲ್ ಸಿಗುತ್ತದೆ. ಈ ದಾರಿಯಲ್ಲಿ ಒಂದು ದಿನ ಕಣ್ಣಿಗೆ ಬೀಳುವ ಪರದೆಗಳನ್ನು ಎಣಿಸಿ ನೋಡಿ: ಸ್ಕೂಟರ್ ಮೀಟರ್, ಕಾರಿನ ಡ್ಯಾಶ್‌ಬೋರ್ಡ್, ಪೆಟ್ರೋಲ್ ಬಂಕಿನ ಪಂಪ್, ತೂಕದ ಯಂತ್ರ, ಆಸ್ಪತ್ರೆಯಲ್ಲಿ ಹೃದಯ ಬಡಿತ ತೋರಿಸುವ ಮಾನಿಟರ್. ಇವುಗಳಲ್ಲಿ ಹೆಚ್ಚಿನವು ಆಂಡ್ರಾಯ್ಡ್ ಮೇಲೆ ನಡೆಯುವುದಿಲ್ಲ. ಕೆಲವು ಸರಳ ಯಂತ್ರಗಳಲ್ಲಿ ಆಪರೇಟಿಂಗ್ ಸಿಸ್ಟಮ್ಮೇ ಇರುವುದಿಲ್ಲ. ಉಳಿದ ಅನೇಕದರಲ್ಲಿ ಇರುವುದು ‘ರಿಯಲ್ ಟೈಮ್ ಆಪರೇಟಿಂಗ್ ಸಿಸ್ಟಮ್’, ಚಿಕ್ಕದಾಗಿ ಆರ್‌ಟಿಒಎಸ್. ಡಿಎಲ್ ಕೊಡುವ ಆರ್‌ಟಿಒಗೂ ಇದಕ್ಕೂ ಸಂಬಂಧವಿಲ್ಲ!

ರಿಯಲ್ ಟೈಮ್ ಎಂದರೆ ‘ಬಹಳ ವೇಗ’ ಎಂದು ಹಲವರು ತಿಳಿದಿದ್ದಾರೆ. ನಿಜವಾದ ಅರ್ಥ ‘ಹೊತ್ತು ಮೀರದಂತೆ’. ರೇಷ್ಮೆ ಸಾಕುವವರಿಗೆ ಇದನ್ನು ವಿವರಿಸಬೇಕಿಲ್ಲ. ಹಣ್ಣಾದ ಹುಳುವನ್ನು ಅದೇ ಹೊತ್ತಿಗೆ ಚಂದ್ರಿಕೆಗೆ ಬಿಡಬೇಕು. ಬೆಳಗ್ಗೆ ಎಷ್ಟು ಚುರುಕಾಗಿ ಸೊಪ್ಪು ಕೊಯ್ದಿರಿ ಎಂಬುದು ಆಗ ಲೆಕ್ಕಕ್ಕೆ ಬರುವುದಿಲ್ಲ. ಹಾಗೆಯೇ ಬ್ರೇಕ್ ಎಚ್ಚರಿಕೆ ಬರಬೇಕಾದ ಕ್ಷಣದಲ್ಲಿ ಬರಲೇಬೇಕು. ಗಂಟೆಗೆ 80 ಕಿ.ಮೀ. ವೇಗದಲ್ಲಿರುವ ಕಾರು ಅರ್ಧ ಸೆಕೆಂಡಿನಲ್ಲಿ ಸುಮಾರು 11 ಮೀಟರ್ ಮುಂದೆ ಹೋಗಿರುತ್ತದೆ. ಮೊಬೈಲ್ ಒಂದು ಕ್ಷಣ ಹ್ಯಾಂಗ್ ಆದರೆ ನಾವು ಬೈದು ಸುಮ್ಮನಾಗುತ್ತೇವೆ. ಮೀಟರ್ ಹ್ಯಾಂಗ್ ಆಗುವಂತಿಲ್ಲ.

ಇಂಥ ವ್ಯವಸ್ಥೆಗಳಲ್ಲಿ ಹೆಸರಾದವು ಕೆಲವಿವೆ. ಕೆನಡಾದಲ್ಲಿ 1980ರಲ್ಲಿ ಹುಟ್ಟಿದ ಕ್ಯೂಎನ್‌ಎಕ್ಸ್ ಈಗ ಬ್ಲ್ಯಾಕ್‌ಬೆರಿ ಕಂಪನಿಯದು, ಕಾರುಗಳಲ್ಲಿ ಬಹಳ ಬಳಕೆಯಲ್ಲಿದೆ. ವಿಎಕ್ಸ್‌ವರ್ಕ್ಸ್ 1997ರಲ್ಲಿ ಮಂಗಳನ ಮೇಲಿಳಿದ ಪಾತ್‌ಫೈಂಡರ್ ನೌಕೆಯಲ್ಲಿತ್ತು. ಫ್ರೀಆರ್‌ಟಿಒಎಸ್ ಮತ್ತು ಜೆಫಿರ್ ಚಿಕ್ಕ ಚಿಪ್‌ಗಳಿಗೆ ಉಚಿತವಾಗಿ ಸಿಗುತ್ತವೆ.

ಚಿತ್ರ ಬರೆಯುವವರು ಯಾರು?

ಆಪರೇಟಿಂಗ್ ಸಿಸ್ಟಮ್ ಇದ್ದ ಮಾತ್ರಕ್ಕೆ ಪರದೆಯ ಮೇಲೆ ಚಿತ್ರ ಮೂಡುವುದಿಲ್ಲ. ಗುಂಡಿ, ಮುಳ್ಳು, ಅಕ್ಷರ ಬರೆಯಲು ‘ಗ್ರಾಫಿಕ್ಸ್ ಫ್ರೇಮ್‌ವರ್ಕ್’ ಎಂಬ ಇನ್ನೊಂದು ಪದರ ಬೇಕು. ನಾರ್ವೆಯಲ್ಲಿ ಹುಟ್ಟಿದ ಕ್ಯೂಟ್, ಹಂಗೇರಿಯಲ್ಲಿ ಹುಟ್ಟಿದ ಎಲ್‌ವಿಜಿಎಲ್ ಇಂಥವು. ಅದರ ಕೆಳಗೆ ಆಪರೇಟಿಂಗ್ ಸಿಸ್ಟಮ್, ಅದಕ್ಕೂ ಕೆಳಗೆ ಪ್ರೊಸೆಸರ್. ಈ ಮೂರೂ ಒಂದಕ್ಕೊಂದು ಕೂಡಿ ಬಂದರೆ ಮಾತ್ರ ಪರದೆ ಬೆಳಗುತ್ತದೆ.

ಕಷ್ಟ ಇರುವುದೇ ಇಲ್ಲಿ. ಚನ್ನಪಟ್ಟಣದ ಬೊಂಬೆಯ ಮಾದರಿ ಒಂದೇ ಇರಬಹುದು. ಆದರೆ ಕೈಪಟರಿಯಿಂದ ಮೋಟಾರ್ ಲೇತಿಗೆ ಹೋದರೆ ಹಿಡಿಕೆ, ಉಳಿ, ವೇಗ ಎಲ್ಲವನ್ನೂ ಹೊಸದಾಗಿ ಹೊಂದಿಸಬೇಕು. ಸಾಫ್ಟ್‌ವೇರ್ ಕತೆಯೂ ಅಷ್ಟೆ. ಮೊಬೈಲ್ ಮತ್ತು ದೊಡ್ಡ ಕಾರಿನ ಪರದೆಗಳ ಚಿಪ್‌ನಲ್ಲಿ ಚಿತ್ರಕ್ಕೆಂದೇ ಜಿಪಿಯು ಎಂಬ ಭಾಗ ಇರುತ್ತದೆ. ಅದನ್ನು ಓಡಿಸುವ ಡ್ರೈವರ್ ತಂತ್ರಾಂಶವನ್ನು ಆಂಡ್ರಾಯ್ಡ್‌ಗೆ ಬರೆದಿದ್ದರೆ ಅದು ಕ್ಯೂಎನ್‌ಎಕ್ಸ್‌ನಲ್ಲಿ ಹಾಗೇ ನಡೆಯುವುದಿಲ್ಲ, ಬೇರೆಯಾಗಿ ಸಿದ್ಧಪಡಿಸಬೇಕು. ಸ್ಕೂಟರ್ ಮೀಟರ್‌ನಂಥ ಅಗ್ಗದ ಯಂತ್ರಗಳ ಚಿಕ್ಕ ಚಿಪ್‌ನಲ್ಲಿ ಅನೇಕ ಸಲ ಜಿಪಿಯು ಇರುವುದೇ ಇಲ್ಲ.

ಹಾಗಾಗಿ ‘ಈ ಫ್ರೇಮ್‌ವರ್ಕ್ ಎಲ್ಲ ಚಿಪ್‌ನಲ್ಲೂ ನಡೆಯುತ್ತದೆ’ ಎಂಬ ಜಾಹೀರಾತಿನ ಮಾತನ್ನು ಸ್ವಲ್ಪ ತಡೆದು ನಂಬಬೇಕು. ಮೂಲ ಬರಹ ಒಂದೇ ಇದ್ದರೂ ಯಾವ ಚಿಪ್, ಯಾವ ಸಿಸ್ಟಮ್, ಯಾವ ಡ್ರೈವರ್ ಎಂಬ ಪ್ರತಿಯೊಂದು ಜೋಡಿಯನ್ನೂ ಯಾರಾದರೂ ಕೂತು ಹೊಂದಿಸಿ ಪರೀಕ್ಷಿಸಿರಬೇಕು.

ಒಂದು ಚಿಕ್ಕ ಲೆಕ್ಕ

ಉದ್ದ 480, ಅಗಲ 272 ಚುಕ್ಕೆಗಳ ಒಂದು ಪುಟ್ಟ ಪರದೆ ತೆಗೆದುಕೊಳ್ಳಿ. ಚುಕ್ಕೆಗೆ 2 ಬೈಟ್ ಹಿಡಿದರೂ ಒಂದು ಚಿತ್ರಕ್ಕೆ 2,61,120 ಬೈಟ್ ಬೇಕು, ಅಂದರೆ ಸುಮಾರು 255 ಕೆಬಿ. ಚಿಕ್ಕ ಚಿಪ್‌ಗಳಲ್ಲಿ ಒಟ್ಟು ಮೆಮೊರಿಯೇ ಕೆಲವು ನೂರು ಕೆಬಿ. ಅದಕ್ಕೇ ಎಲ್‌ವಿಜಿಎಲ್‌ನಂಥವು ಪರದೆಯನ್ನು ತುಂಡು ತುಂಡಾಗಿ ಬರೆಯುತ್ತವೆ.

ದೊಡ್ಡ ಕಾರಿನ 1920 × 720 ಚುಕ್ಕೆಗಳ ಪರದೆಗೆ ಚುಕ್ಕೆಗೆ 4 ಬೈಟ್‌ನಂತೆ ಒಂದು ಚಿತ್ರಕ್ಕೆ ಸುಮಾರು 55 ಲಕ್ಷ ಬೈಟ್ ಬೇಕು. ಸೆಕೆಂಡಿಗೆ 60 ಚಿತ್ರ ಬರೆಯಬೇಕಾದರೆ ಒಂದೊಂದಕ್ಕೂ ಸಿಗುವ ಸಮಯ 16.7 ಮಿಲಿಸೆಕೆಂಡ್ ಮಾತ್ರ. ನಿಮ್ಮ ಜೇಬಿನ ಮೊಬೈಲ್‌ಗೆ ಇದು ಆಟ. ಸ್ಕೂಟರ್ ಮೀಟರ್ ಚಿಪ್‌ಗೆ ಇದು ಹೊರಲಾಗದ ಹೊರೆ.

ಇದರಲ್ಲಿ ಕನ್ನಡ ಎಲ್ಲಿ ಬಂತು?

ಇಂಗ್ಲಿಷಿನಲ್ಲಿ ಒಂದು ಸಂಕೇತಕ್ಕೆ ಒಂದು ಅಕ್ಷರ. ಸಾಲಾಗಿ ಇಟ್ಟರೆ ಕೆಲಸ ಮುಗಿಯಿತು. ಕನ್ನಡ ಹಾಗಲ್ಲ. ‘ಕೆಂಗಲ್’ ಎಂದು ಬರೆದಾಗ ಕಣ್ಣಿಗೆ ಕಾಣುವುದು ಮೂರು ಅಕ್ಷರ. ಯುನಿಕೋಡ್ ಲೆಕ್ಕದಲ್ಲಿ ಒಳಗಿರುವುದು ಆರು ಸಂಕೇತ: ಕ, ಎತ್ವ, ಸೊನ್ನೆ, ಗ, ಲ, ಕೊನೆಯ ಹಲಂತ. ಎತ್ವ ಬಂದಾಗ ‘ಕ’ ತನ್ನ ತಲೆಕಟ್ಟು ಬಿಡಬೇಕು. ‘ಚನ್ನಪಟ್ಟಣ’ದಲ್ಲಿ ಕಾಣುವುದು ಐದು ಅಕ್ಷರ, ಒಳಗೆ ಒಂಬತ್ತು ಸಂಕೇತ. ಎರಡನೇ ‘ನ’ ಮತ್ತು ಎರಡನೇ ‘ಟ’ ಒತ್ತಾಗಿ ಕೆಳಗಿಳಿಯಬೇಕು.

ಈ ಜೋಡಣೆ ಮಾಡುವ ತಂತ್ರಾಂಶ ಬೇರೆಯೇ ಇದೆ. ಹರ್ಫ್‌ಬಜ್ ಎಂಬುದು ಅದರಲ್ಲಿ ಪ್ರಸಿದ್ಧ, ಆಂಡ್ರಾಯ್ಡ್ ಬಳಸುವುದೂ ಅದನ್ನೇ. ಕ್ಯೂಟ್‌ನ ದೊಡ್ಡ ಆವೃತ್ತಿಯೊಳಗೂ ಅದು ಇದೆ. ಚಿಕ್ಕ ಚಿಪ್‌ಗೆಂದು ಮಾಡಿದ ಫ್ರೇಮ್‌ವರ್ಕ್‌ಗಳಲ್ಲಿ ಮೆಮೊರಿ ಉಳಿಸಲು ಸಾಮಾನ್ಯವಾಗಿ ಇದನ್ನು ಬಿಟ್ಟಿರುತ್ತಾರೆ. ಆಗ ‘ಚನ್ನಪಟ್ಟಣ’ ಎಂಬುದು ‘ಚನ್‌ನಪಟ್‌ಟಣ’ ಎಂಬಂತೆ ಮೂಡುತ್ತದೆ. ಫಾಂಟ್ ಕೂಡ ಇಲ್ಲದಿದ್ದರೆ ಬರೀ ಚೌಕಗಳು.

ಹಾಗಾದರೆ ಕನ್ನಡ ಯಂತ್ರಕ್ಕೆ ಒಗ್ಗದು ಎಂಬುದು ನಿಜವೇ?

ಇಲ್ಲ. ಹಳೆಯ ಆಂಡ್ರಾಯ್ಡ್ ಫೋನ್ ಬಳಸಿದವರು ನೆನಪಿಸಿಕೊಳ್ಳಿ. ಕನ್ನಡ ಮೆಸೇಜ್ ಬಂದರೆ ಸಾಲು ಸಾಲು ಚೌಕಗಳೇ ಕಾಣುತ್ತಿದ್ದವು. 2012ರಲ್ಲಿ ಬಂದ ಆಂಡ್ರಾಯ್ಡ್ 4.1ರಲ್ಲಿ ಕನ್ನಡ, ತೆಲುಗು, ಮಲಯಾಳಂ ಬೆಂಬಲ ಸೇರಿತು. ಆ ವರ್ಷ ನಮ್ಮ ಲಿಪಿಯೇನೂ ಸುಲಭವಾಗಲಿಲ್ಲ. ಮಾಡಬೇಕಾದ ಕೆಲಸವನ್ನು ಮಾಡಿದರು, ಅಷ್ಟೆ. ಎಲ್‌ವಿಜಿಎಲ್‌ನಂಥ ಪುಟ್ಟ ಫ್ರೇಮ್‌ವರ್ಕ್‌ನಲ್ಲೇ ಅರಬ್ಬಿ ಮತ್ತು ಪರ್ಷಿಯನ್ ಅಕ್ಷರಗಳನ್ನು ಕೂಡಿಸುವ ಏರ್ಪಾಡು ಇದೆ. ಆ ಅಕ್ಷರಗಳೂ ಅಕ್ಕಪಕ್ಕ ಏನಿದೆ ಎಂಬುದರ ಮೇಲೆ ರೂಪ ಬದಲಿಸುತ್ತವೆ.

ಮೆಮೊರಿ ತೀರಾ ಕಡಿಮೆ ಇದ್ದರೂ ದಾರಿಯಿದೆ. ‘ಎಚ್ಚರಿಕೆ’, ‘ಬ್ರೇಕ್’, ‘ಇಂಧನ ಕಡಿಮೆ’ ಮುಂತಾದ ನಿಗದಿತ ಪದಗಳನ್ನು ಮೊದಲೇ ಕಂಪ್ಯೂಟರಿನಲ್ಲಿ ಜೋಡಿಸಿ ಚಿತ್ರವಾಗಿ ಚಿಪ್‌ಗೆ ತುಂಬಬಹುದು. ಊರಿನ ಹೆಸರು, ಕರೆ ಮಾಡಿದವರ ಹೆಸರಿನಂತೆ ಮುಂಚೆ ಗೊತ್ತಿರದ ಪದಗಳಿಗೆ ಮಾತ್ರ ಪೂರ್ಣ ಜೋಡಣೆ ಬೇಕು.

ಸುರಕ್ಷತೆಯ ನೆಪ ಎಷ್ಟು ಸರಿ?

‘ಪರದೆಗೆ ಹೆಚ್ಚು ಕೆಲಸ ಕೊಟ್ಟರೆ ಸುರಕ್ಷತೆ ಕೆಡುತ್ತದೆ’ ಎಂಬ ಆತಂಕದಲ್ಲಿ ಹುರುಳಿದೆ. ಅದಕ್ಕೇ ಹೊಸ ಕಾರುಗಳಲ್ಲಿ ಕೆಲಸ ಹಂಚುತ್ತಾರೆ. ಒಂದೇ ಚಿಪ್ ಮೇಲೆ ಮೀಟರ್‌ಗೆ ಆರ್‌ಟಿಒಎಸ್, ಹಾಡು ಮತ್ತು ನಕಾಶೆಗೆ ಆಂಡ್ರಾಯ್ಡ್ ಅಥವಾ ಲಿನಕ್ಸ್ ಇರಬಹುದು. ಹಾಡಿನ ಕಡೆ ಕೆಟ್ಟರೂ ವೇಗದ ಅಂಕಿ ನಿಲ್ಲಬಾರದು. ಬ್ರೇಕ್, ಏರ್‌ಬ್ಯಾಗ್ ದೀಪಗಳನ್ನು ಉಳಿದ ಚಿತ್ರಗಳಿಂದ ಬೇರ್ಪಡಿಸಿ ಬರೆಯುವ ಏರ್ಪಾಡೂ ಉಂಟು. ಈ ದೀಪಗಳಿಗೆ ಜಗತ್ತಿನಾದ್ಯಂತ ಒಂದೇ ಬಗೆಯ ಚಿಹ್ನೆ ಇರಲೆಂದು ಐಎಸ್‌ಒ 2575 ಎಂಬ ಮಾನದಂಡವೂ ಇದೆ.

ಹೀಗೆ ಕೆಲಸ ಹಂಚಿದಮೇಲೆ ವಿವರಣೆಯ ಸಾಲನ್ನು ಕನ್ನಡದಲ್ಲಿ ಬರೆದರೆ ಬ್ರೇಕ್ ದೀಪ ತಡವಾಗಬೇಕಿಲ್ಲ. ಬದಲಿಗೆ, ಚಿಹ್ನೆ ಕಂಡರೂ ಅದರ ಪಕ್ಕದ ಸಾಲು ಓದಲಾಗದೆ ಗಾಡಿ ಓಡಿಸುತ್ತಲೇ ಇರುವವರಿಗೆ ಅಪಾಯ ಹೆಚ್ಚು. ಹೊತ್ತಿಗೆ ಸರಿಯಾಗಿ ಬಂದ ಎಚ್ಚರಿಕೆ ಅರ್ಥವೇ ಆಗದಿದ್ದರೆ ಬಂದೇನು ಫಲ?

ಫಾರ್ವರ್ಡ್ ಮಾಡುವ ಮುನ್ನ

ಬಿಡದಿಯಲ್ಲಿ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆ 1999ರಿಂದ ಗಾಡಿ ತಯಾರಿಸುತ್ತಿದೆ. ವಾಹನದ ಬಿಡಿಭಾಗ ಮಾಡುವ ಬಾಷ್ ಕೂಡ ಅಲ್ಲಿದೆ. ಅಲ್ಲಿಂದ ಕೆಂಗಲ್‌ಗೆ ಹೆಚ್ಚು ದೂರವಿಲ್ಲ. ಕಾರು ತಯಾರಾಗುವ ಜಿಲ್ಲೆಯ ಜನ ತಮ್ಮ ನುಡಿಯ ಪರದೆ ಕೇಳುವುದು ಅತಿಯಾಸೆಯಲ್ಲ.

ಕೇಳುವಾಗ ಸರಿಯಾಗಿ ಕೇಳೋಣ. ‘ಕನ್ನಡ ಆ್ಯಪ್ ಇದೆಯಾ’ ಎನ್ನುವ ಬದಲು ಶೋರೂಮಿನಲ್ಲಿ ಹೀಗೆ ಕೇಳಿ: ಮೀಟರ್ ಪರದೆಯ ಭಾಷೆ ಬದಲಾಯಿಸಬಹುದೇ? ಎಚ್ಚರಿಕೆಯ ಸಾಲುಗಳು ಕನ್ನಡದಲ್ಲಿ ಬರುತ್ತವೆಯೇ? ಕರೆ ಮಾಡಿದವರ ಹೆಸರಿನ ಒತ್ತಕ್ಷರ ಒಡೆಯದೆ ಕಾಣುತ್ತದೆಯೇ? ಕೊನೆಯದನ್ನು ಪರೀಕ್ಷಿಸುವುದು ಸುಲಭ. ಮೊಬೈಲ್‌ನಲ್ಲಿ ಒಂದು ನಂಬರನ್ನು ‘ಚನ್ನಪಟ್ಟಣ’ ಎಂದು ಸೇವ್ ಮಾಡಿ, ಗಾಡಿಗೆ ಜೋಡಿಸಿ, ಆ ನಂಬರಿನಿಂದ ಕರೆ ಮಾಡಿಸಿ. ಪರದೆಯ ಹಿಂದೆ ಯಾರು ಎಷ್ಟು ಕೆಲಸ ಮಾಡಿದ್ದಾರೆ ಎಂಬುದು ಆ ಒಂದು ಪದದಲ್ಲೇ ಗೊತ್ತಾಗುತ್ತದೆ.